ತಾಳಿಕೋಟೆಯ ಬಗ್ಗೆ ಇತಿಹಾಸಕಾರರನ್ನು ಏನು ಕೇಳಬೇಕು?

ಶಾಲೆಯ ಪಾಠದಲ್ಲಿ ತಾಳಿಕೋಟೆ ಕದನ ಒಂದೇ ಉಸಿರಿಗೆ ಮುಗಿಯುತ್ತದೆ: 1565ರಲ್ಲಿ ದಖ್ಖನಿನ ಸುಲ್ತಾನರು ಒಂದಾದರು, ವಿಜಯನಗರವನ್ನು ಆಳುತ್ತಿದ್ದ ಅಳಿಯ ರಾಮರಾಯ ಸತ್ತ, ವಿಜಯನಗರ ಹಾಳಾಯಿತು. ಇದೇ ಮಾತನ್ನು ಇತಿಹಾಸಕಾರರ ಮುಂದಿಟ್ಟರೆ ಅವರು ಹೌದು, ಅಲ್ಲ ಎನ್ನುವುದಕ್ಕೆ ಮೊದಲು ‘ಇದನ್ನು ನಮಗೆ ಹೇಳಿದವರು ಯಾರು?’ ಎಂದು ಕೇಳುತ್ತಾರೆ. ಈ ಕದನದ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಐದು ಪ್ರಶ್ನೆಗಳನ್ನು ಎತ್ತಿಕೊಂಡು, ಇತಿಹಾಸಕಾರರು ಯಾವ ಸಾಕ್ಷಿ ಹಿಡಿದು ಉತ್ತರ ಹುಡುಕುತ್ತಾರೆ ಎಂದು ನೋಡೋಣ.

ಕದನ ತಾಳಿಕೋಟೆಯಲ್ಲೇ ನಡೆಯಿತೇ?

ಇಲ್ಲ. ತಾಳಿಕೋಟೆ ಸುಲ್ತಾನರ ಪಡೆಗಳು ಬಂದು ಸೇರಿದ ಊರು. ಕಾದಾಟ ನಡೆದದ್ದು ಅಲ್ಲಿಂದ ಹಲವು ಮೈಲಿ ದೂರದ ಕೃಷ್ಣಾ ತೀರದಲ್ಲಿ. ಅದಕ್ಕೇ ರಕ್ಕಸಗಿ, ತಂಗಡಗಿ ಎಂಬ ಊರುಗಳ ಹೆಸರಿನಲ್ಲೂ ಇದನ್ನು ಕರೆಯುತ್ತಾರೆ. ಗಿರೀಶ ಕಾರ್ನಾಡರ ನಾಟಕದ ಹೆಸರು ‘ರಾಕ್ಷಸ ತಂಗಡಿ’ ಎಂದಿರುವುದು ಈ ಕಾರಣಕ್ಕೆ.

ಇದು ಧರ್ಮಯುದ್ಧವೇ?

ಹಾಗೆಂದು ಹೇಳುವ ಬರಹಗಳಿವೆ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಫಿರಿಶ್ತಾನ ಪಾರಸಿ ಇತಿಹಾಸ. ಆತ ಬರೆದದ್ದು ಕದನ ಮುಗಿದು ಸುಮಾರು ನಾಲ್ಕು ದಶಕಗಳ ಮೇಲೆ, ಬಿಜಾಪುರದ ಆದಿಲ್‌ಶಾಹಿ ಆಸರೆಯಲ್ಲಿ. ಗೆದ್ದವರ ಅರಮನೆಯಲ್ಲಿ ಕುಳಿತು ಬರೆಯುವವನಿಗೆ ಗೆಲುವನ್ನು ಧರ್ಮದ ಗೆಲುವಾಗಿ ಕಾಣಿಸುವ ಆಸೆ ಇರುವುದು ಸಹಜ. ಆದರೆ ಅದೇ ಬರಹಗಾರರು ಕೊಡುವ ಬಿಡಿ ವಿವರಗಳು ಬೇರೆಯೇ ಕಥೆ ಹೇಳುತ್ತವೆ. ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾ ಪಟ್ಟಕ್ಕೆ ಬರುವ ಮೊದಲು ತನ್ನ ಅಣ್ಣನಿಗೆ ಹೆದರಿ ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. ರಾಮರಾಯನ ಮಗ ತೀರಿಕೊಂಡಾಗ ಬಿಜಾಪುರದ ಅಲಿ ಆದಿಲ್‌ಶಾ ತಾನೇ ವಿಜಯನಗರಕ್ಕೆ ಬಂದು ದುಃಖ ಹಂಚಿಕೊಂಡ. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ರಾಮರಾಯ ಒಮ್ಮೆ ಅಹಮದ್‌ನಗರದ ಜೊತೆಗೂಡಿ ಬಿಜಾಪುರದ ಮೇಲೆ, ಇನ್ನೊಮ್ಮೆ ಬಿಜಾಪುರದ ಜೊತೆಗೂಡಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋದವನು.

ಹಾಗಾದರೆ ಜಗಳ ಯಾತರದು? ಕಲ್ಯಾಣ, ಸೊಲ್ಲಾಪುರಗಳಂಥ ಕೋಟೆಗಳದು. ರಾಮರಾಯನಿಗೆ ಕಲ್ಯಾಣದ ಮೇಲೆ ವಿಶೇಷ ಕಣ್ಣಿತ್ತು, ಏಕೆಂದರೆ ಅದು ಚಾಲುಕ್ಯರ ರಾಜಧಾನಿಯಾಗಿದ್ದ ಊರು ಎಂದು ಇತಿಹಾಸಕಾರ ರಿಚರ್ಡ್ ಈಟನ್ ವಾದಿಸುತ್ತಾರೆ. ಸುಲ್ತಾನರ ಒಗ್ಗಟ್ಟು ಕೂಡ ಬೀಗತನದ ಮೂಲಕವೇ ಕುದುರಿತು: ಅಹಮದ್‌ನಗರದ ಹುಸೇನ್ ನಿಜಾಮ್‌ಶಾ ಮಗಳು ಚಾಂದ್‌ಬೀಬಿಯನ್ನು ಅಲಿಗೆ ಕೊಟ್ಟ, ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು.

ವಿಜಯನಗರ ಸೋತದ್ದು ಮೋಸದಿಂದಲೇ?

ರಾಮರಾಯನ ಕೈಕೆಳಗಿದ್ದ ಇಬ್ಬರು ಮುಸ್ಲಿಂ ಸರದಾರರು ಕೈಕೊಟ್ಟರು ಎಂಬ ಮಾತು ವೆನಿಸಿನ ವ್ಯಾಪಾರಿ ಚೆಸಾರೆ ಫೆದೆರಿಚಿಯ ಪ್ರವಾಸ ಬರಹದಲ್ಲಿದೆ. ಆತ ವಿಜಯನಗರಕ್ಕೆ ಬಂದದ್ದು 1567ರಲ್ಲಿ, ಅಂದರೆ ಕದನದ ನೆನಪು ಇನ್ನೂ ಹಸಿಯಾಗಿದ್ದಾಗ. ಆದರೆ ಅದು ಕಣ್ಣಾರೆ ಕಂಡದ್ದಲ್ಲ, ಸೋತವರ ಊರಿನಲ್ಲಿ ಕಿವಿಯಾರೆ ಕೇಳಿದ್ದು. ಫಿರಿಶ್ತಾ ಗೆಲುವಿನ ಕೀರ್ತಿಯನ್ನು ಅಹಮದ್‌ನಗರದ ತೋಪುಗಳಿಗೆ ಕೊಡುತ್ತಾನೆ. ಅವುಗಳಲ್ಲಿ ತಾಮ್ರದ ಕಾಸು ತುಂಬಿ ಹಾರಿಸಿದರಂತೆ. ಸೋತವರು ಮೋಸವನ್ನು, ಗೆದ್ದವರು ತಮ್ಮ ಜಾಣತನವನ್ನು ನೆನೆಯುತ್ತಾರೆ. ಎರಡೂ ನಡೆದಿರಬಹುದು. ಇಂಥ ಕಡೆ ಒಳ್ಳೆಯ ಇತಿಹಾಸಕಾರರು ತೀರ್ಪು ಕೊಡಲು ಅವಸರ ಮಾಡುವುದಿಲ್ಲ.

ನಗರ ಪೂರ್ತಿ ನೆಲಸಮವಾಯಿತೇ?

ಇಲ್ಲಿ ವಿಜಯನಗರ ನಿಂತಿದ್ದ ಹಂಪಿಯ ನೆಲವೇ ಸಾಕ್ಷಿ. ಅರಮನೆಯ ಆವರಣದಲ್ಲಿ ಬೆಂಕಿ ಬಿದ್ದ ಗುರುತುಗಳಿವೆ. ಅರಮನೆಗಳ ಕಂಬ, ಮಾಡುಗಳೆಲ್ಲ ಮರದವಾದ್ದರಿಂದ ಇಂದು ಕಲ್ಲಿನ ಜಗಲಿಗಳಷ್ಟೇ ಉಳಿದಿವೆ. ಆದರೆ ವಿರೂಪಾಕ್ಷ ಗುಡಿ ನಿಂತೇ ಇದೆ, ಪೂಜೆಯೂ ನಡೆದಿದೆ. ಏಟು ಎಲ್ಲ ಕಡೆ ಒಂದೇ ಸಮ ಬಿದ್ದಿಲ್ಲ. ರಾಜಸತ್ತೆಯೊಡನೆ ತಳುಕು ಹಾಕಿಕೊಂಡ ಕಟ್ಟಡಗಳಿಗೆ ಹೆಚ್ಚು ಪೆಟ್ಟಾಗಿದೆ ಎಂದು ಇಲ್ಲಿ ಕೆಲಸ ಮಾಡಿದ ಪುರಾತತ್ತ್ವಜ್ಞರು ತೋರಿಸಿದ್ದಾರೆ. ಮನೆಗಳು ನಿಂತಿದ್ದವು, ಆದರೆ ಬರಿದಾಗಿದ್ದವು ಎಂದು ಫೆದೆರಿಚಿಯೂ ಬರೆಯುತ್ತಾನೆ. ಊರು ಸತ್ತದ್ದು ಬೆಂಕಿಯೊಂದರಿಂದಲೇ ಅಲ್ಲ. ಅರಸು, ದಂಡು, ವ್ಯಾಪಾರ ಮೂರೂ ಎದ್ದುಹೋದ ಮೇಲೆ ಅಷ್ಟು ದೊಡ್ಡ ನಗರವನ್ನು ಸಾಕುವವರು ಉಳಿಯಲಿಲ್ಲ.

ಅಲ್ಲಿಗೆ ಸಾಮ್ರಾಜ್ಯವೂ ಮುಗಿಯಿತೇ?

ಪಾಠಪುಸ್ತಕ ಇಲ್ಲಿಗೆ ಪುಟ ಮುಚ್ಚುತ್ತದೆ, ಶಾಸನಗಳು ಮುಚ್ಚುವುದಿಲ್ಲ. ರಾಮರಾಯನ ತಮ್ಮ ತಿರುಮಲ ಬೊಕ್ಕಸದೊಡನೆ ಪೆನುಕೊಂಡೆಗೆ ಹೋಗಿ ನೆಲೆ ನಿಂತ. ಮುಂದೆ ರಾಜಧಾನಿ ಚಂದ್ರಗಿರಿಗೂ ಹೋಯಿತು. ತಿರುಮಲನ ಅರವೀಡು ಮನೆತನದ ದಾನಶಾಸನಗಳು ಮುಂದಿನ ಶತಮಾನದಲ್ಲೂ ಸಿಗುತ್ತವೆ. ಇತ್ತ ಗೆದ್ದವರ ಒಗ್ಗಟ್ಟು ಹೆಚ್ಚು ಕಾಲ ಬಾಳಲಿಲ್ಲ. ಹುಸೇನ್ ನಿಜಾಮ್‌ಶಾ ಅದೇ ವರ್ಷ ತೀರಿಕೊಂಡ, ಸುಲ್ತಾನರು ಮತ್ತೆ ತಮ್ಮತಮ್ಮಲ್ಲೇ ಕಾದಾಡತೊಡಗಿದರು.

1639ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೆ ಮದರಾಸಿನಲ್ಲಿ ಕೋಟೆ ಕಟ್ಟಲು ನೆಲ ಕೊಟ್ಟವನು ದಾಮರ್ಲ ವೆಂಕಟಪ್ಪ ನಾಯಕ. ಅವನು ಚಂದ್ರಗಿರಿಯ ಅರವೀಡು ಅರಸನ ಅಧೀನದಲ್ಲಿದ್ದವನು. 1565ರಲ್ಲೇ ಮುಗಿಯಿತೆಂದು ನಾವು ಓದಿದ ವಿಜಯನಗರದ ಹೆಸರು ಎಪ್ಪತ್ತನಾಲ್ಕು ವರ್ಷಗಳ ಮೇಲೂ ಇಂಗ್ಲಿಷರಿಗೆ ನೆಲ ಕೊಡುವಷ್ಟು ಚಲಾವಣೆಯಲ್ಲಿತ್ತು.