ಡಬ್ಬಿಯ ಮೇಲಿನ ಹೆಸರು



ನಿಮ್ಮ ಮನೆಯ ಪ್ಯಾಂಟ್ರಿಯ ಬಾಗಿಲು ತೆಗೆದಾಗ ಒಳಗಿನಿಂದ ಕಂದು ಬಣ್ಣದ ಪುಟ್ಟ ಪತಂಗವೊಂದು ಹಾರಿ ಬಂದಿದೆಯೇ? ಬಂದಿದ್ದರೆ ಮುಂದಿನ ಕತೆ ನಿಮಗೆ ಗೊತ್ತು. ಒಂದು ಪತಂಗ ಹೊರಗೆ ಬಂತು ಎಂದರೆ ಒಳಗೆ ಯಾವುದೋ ಹಿಟ್ಟಿನ ಚೀಲದಲ್ಲಿ ಅದರ ಸಂಸಾರವೇ ಇದೆ ಎಂದರ್ಥ. ಕಳೆದ ಸೋಮವಾರ, ಹಿಮ ಬಿದ್ದು ಶಾಲೆಗಳಿಗೆ ರಜೆ ಕೊಟ್ಟ ದಿನ, ನಮ್ಮ ಮನೆಯಲ್ಲಿ ಆದದ್ದು ಅದೇ. ಮಗಳನ್ನು ಜೊತೆಗೆ ಕರೆದುಕೊಂಡು ಇಡೀ ಪ್ಯಾಂಟ್ರಿಯನ್ನು ಅಡುಗೆಮನೆಯ ನೆಲದ ಮೇಲೆ ಇಳಿಸಿದೆ.

ಏನೇನು ಸಿಕ್ಕಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಅರ್ಧರ್ಧ ಖಾಲಿಯಾದ ನಾಲ್ಕು ಶಾವಿಗೆ ಪ್ಯಾಕೆಟ್ಟುಗಳು, ಮೂರು ಇಂಗಿನ ಡಬ್ಬಿಗಳು, ಎರಡು ವರ್ಷದ ಹಿಂದೆ ಊರಿಂದ ತಂದ ಹುರಿಗಡಲೆ. ಪತಂಗದ ತವರುಮನೆ ಚಿರೋಟಿ ರವೆಯ ಚೀಲ. ಅದನ್ನು ಬಿಸಾಡಿದೆವು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದರೆ, "ರವೆ ಹುರಿದು ಇಡು ಅಂತ ಎಷ್ಟು ಸಲ ಹೇಳಿದೀನಿ ನಿಂಗೆ" ಎಂದು ಬೈದರು. ಹುರಿಯುವಷ್ಟು ಪುರುಸೊತ್ತು ಇಲ್ಲದವರಿಗೆ ಇನ್ನೊಂದು ದಾರಿಯಿದೆ. ಅಂಗಡಿಯಿಂದ ತಂದ ರವೆ, ಹಿಟ್ಟು, ಬೇಳೆಯನ್ನು ನಾಲ್ಕು ದಿನ ಫ್ರೀಜರಿನಲ್ಲಿಡಿ. ಚೀಲದಲ್ಲಿ ಮೊಟ್ಟೆಗಳಿದ್ದರೆ ಸಾಯುತ್ತವೆ. ಆಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಪ್ಲಾಸ್ಟಿಕ್ ಚೀಲಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದರೆ ಸಾಲದು, ಹುಳು ಚೀಲವನ್ನೇ ಕೊರೆದು ಒಳಗೆ ಹೋಗುತ್ತದೆ.

ಉಳಿದದ್ದು ನಿಮಗೆಲ್ಲ ಗೊತ್ತಿರುವುದೇ. ಹಳೆಯದು ಮುಂದೆ, ಹೊಸದು ಹಿಂದೆ. ಅಕ್ಕಿಯ ಮೂಟೆ ಕೆಳಗೆ. ಮಕ್ಕಳ ತಿಂಡಿ ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ (ಇದರ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ). ಸಾಂಬಾರ ಪದಾರ್ಥಗಳು ಒಲೆಯ ಬಿಸಿ ತಾಗದ ಕಡೆ. ಡಬ್ಬಿಗೆ ತುಂಬಿದ ದಿನಾಂಕ ತಪ್ಪದೆ ಬರೆಯಿರಿ. ಚೀಟಿ ಬರೆಯುವ ಕೆಲಸ ಮಕ್ಕಳಿಗೆ ಕೊಡಿ, ಕನ್ನಡದಲ್ಲೇ ಬರೆಯಲಿ. ಒಂದು ಮಧ್ಯಾಹ್ನದಲ್ಲಿ ಒತ್ತಕ್ಷರ ಎಷ್ಟು ಚೆನ್ನಾಗಿ ಅಭ್ಯಾಸವಾಗುತ್ತದೆ ಎಂದರೆ ಉದ್ದಿನಬೇಳೆ, ಮೆಂತ್ಯ, ಅಕ್ಕಿಹಿಟ್ಟು ಬರೆದವರಿಗೇ ಗೊತ್ತು.

ನಮ್ಮ ಮಗಳು ಚೀಟಿ ಬರೆಯುತ್ತಾ ಬರೆಯುತ್ತಾ ಹೆಸರುಬೇಳೆಯ ಹತ್ತಿರ ನಿಂತಳು. "ಅಮ್ಮಾ, ಇದು ಹೆಸರುಬೇಳೆ ಆದರೆ, ಮಿಕ್ಕ ಬೇಳೆಗಳಿಗೆ ಹೆಸರಿಲ್ವಾ?"

ನಕ್ಕೆವು. ಆದರೆ ಆ ವಾರ ಅವಳ ತಲೆಯಲ್ಲಿದ್ದದ್ದು ಹೆಸರಿನ ವಿಷಯವೇ. ಹಿಂದಿನ ಶುಕ್ರವಾರ ಅವಳು ಶಾಲೆಯಿಂದ ಕಣ್ಣೀರು ಹಾಕಿಕೊಂಡು ಬಂದಿದ್ದಳು. ಫೆಬ್ರವರಿ ಅಮೆರಿಕದಲ್ಲಿ ಕಪ್ಪು ಜನರ ಚರಿತ್ರೆಯ ತಿಂಗಳು. ಮನೆಬಳಕೆಯ ವಸ್ತುಗಳನ್ನು ಕಂಡುಹಿಡಿದ ಆಫ್ರಿಕನ್ ಅಮೆರಿಕನ್ನರ ಬಗ್ಗೆ ಪೋಸ್ಟರ್ ಮಾಡಿದ್ದಳು. "ಇವರಿಲ್ಲದಿದ್ದರೆ ನಮಗೆ ಮಾಪ್ ಇಲ್ಲ, ಇಸ್ತ್ರಿ ಹಲಗೆ ಇಲ್ಲ, ಕಸದ ಮೊರ ಇಲ್ಲ" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಳು. ತರಗತಿಯ ಹುಡುಗನೊಬ್ಬ ಎದ್ದು, "ಸುಳ್ಳು, ಅವೆಲ್ಲ ಮೊದಲೇ ಇದ್ದವು" ಎಂದನಂತೆ. ಕೆಲವರು ನಕ್ಕರಂತೆ.

ಆ ಹುಡುಗ ಹೇಳಿದ್ದು ಸರಿ. ತಪ್ಪು ಮಗಳದ್ದೂ ಅಲ್ಲ, ನನ್ನದು. ನನ್ನ ಫೋನಿಗೆ ಬಂದ ಫಾರ್ವರ್ಡ್ ಒಂದನ್ನು ಅವಳಿಗೆ ಓದಿ ಹೇಳಿ ಬರೆಸಿದ್ದು ನಾನೇ. "ಎಲ್ಲವನ್ನೂ ಕಂಡುಹಿಡಿದದ್ದು ನಮ್ಮ ಪೂರ್ವಜರೇ" ಎನ್ನುವ ಫಾರ್ವರ್ಡುಗಳು ನಮ್ಮ ಗುಂಪುಗಳಲ್ಲೂ ಓಡಾಡುತ್ತವಲ್ಲ, ಇದೂ ಅದೇ ಜಾತಿಯದು. ಹೊಗಳುವ ಭರದಲ್ಲಿ ಸುಳ್ಳು ಸೇರಿಸಿದರೆ, ನಾಳೆ ಯಾರೋ ಸುಳ್ಳನ್ನು ಹಿಡಿದಾಗ ಅದರ ಜೊತೆಗಿದ್ದ ನಿಜವೂ ಬಿದ್ದುಹೋಗುತ್ತದೆ. ಆದ್ದರಿಂದ ಆ ಸೋಮವಾರ ನೆಲದ ಮೇಲೆ ಡಬ್ಬಿಗಳ ನಡುವೆ ಕೂತು ಪೋಸ್ಟರನ್ನೂ ಜರಡಿ ಹಿಡಿದೆವು.

ಸಾರಾ ಬೂನ್ ಅವರಿಂದ ಶುರು ಮಾಡಿದೆವು. ಇಸ್ತ್ರಿ ಹಲಗೆ ಅವರಿಗಿಂತ ಮೊದಲೇ ಇತ್ತು, ಅದಕ್ಕೆ ಪೇಟೆಂಟೂ ಇತ್ತು. ಆದರೆ ಅದು ಅಗಲವಾದ ನೇರ ಹಲಗೆ. ಸಾರಾ ಬೂನ್ ಹುಟ್ಟಿದ್ದು 1832ರಲ್ಲಿ, ನಾರ್ತ್ ಕೆರೊಲಿನಾದಲ್ಲಿ, ಗುಲಾಮಗಿರಿಯಲ್ಲಿ. ಆಮೇಲೆ ಕನೆಕ್ಟಿಕಟ್‌ನ ನ್ಯೂ ಹೇವನ್‌ಗೆ ಬಂದು ಹೆಂಗಸರ ಬಟ್ಟೆ ಹೊಲಿಯುವ ಕೆಲಸ ಮಾಡಿದರು. ಆ ಕಾಲದ ರವಿಕೆಗಳ ತೋಳು, ಸೊಂಟ ಎಲ್ಲ ಮೈಗೆ ಬಿಗಿ. ಅಗಲದ ಹಲಗೆಯ ಮೇಲೆ ಇಸ್ತ್ರಿ ಮಾಡಿದರೆ ಒಂದು ಕಡೆಯ ಸುಕ್ಕು ಹೋಗಿ ಇನ್ನೊಂದು ಕಡೆ ಹೊಸ ಗೆರೆ ಬೀಳುತ್ತಿತ್ತು. ಅವರು ಕಿರಿದಾದ, ತೋಳಿನ ಆಕಾರಕ್ಕೆ ಬಾಗಿದ, ತಿರುಗಿಸಿ ಎರಡೂ ಕಡೆ ಬಳಸಬಹುದಾದ ಹಲಗೆ ಮಾಡಿದರು. 1892ರ ಏಪ್ರಿಲ್‌ನಲ್ಲಿ ಪೇಟೆಂಟ್ ಸಿಕ್ಕಿತು. ಮಕ್ಕಳೇ, ಇನ್ನೊಂದು ಮಾತು. ಸಾರಾ ಬೂನ್ ಓದು ಬರಹ ಕಲಿತದ್ದು ಐವತ್ತರ ಹತ್ತಿರದ ವಯಸ್ಸಿನಲ್ಲಿ. ಭಾನುವಾರ ಬೆಳಿಗ್ಗೆ ಕನ್ನಡ ಶಾಲೆಗೆ ಹೊರಡಲು ಬೇಜಾರಾದಾಗ ನೆನಪಿಸಿಕೊಳ್ಳಿ.

ಮಾಪ್ ಕೂಡ ಹಾಗೆಯೇ. ಮಿಶಿಗನ್‌ನ ಥಾಮಸ್ ಸ್ಟೀವರ್ಟ್ 1893ರಲ್ಲಿ ಪೇಟೆಂಟ್ ಪಡೆದದ್ದು ನೆಲ ಒರೆಸುವ ಬಟ್ಟೆಗಲ್ಲ, ಕೈ ಒದ್ದೆಯಾಗದಂತೆ ಸನ್ನೆ ಒತ್ತಿ ಹಿಂಡುವ ಏರ್ಪಾಟಿಗೆ. ಕಸದ ಮೊರಕ್ಕೆ ಉದ್ದನೆಯ ಹಿಡಿಯಿರುವ ಹೊಸ ರೂಪ ಕೊಟ್ಟು 1897ರಲ್ಲಿ ಪೇಟೆಂಟ್ ಪಡೆದವರು ಲಾಯ್ಡ್ ರೇ. ಬಗ್ಗಿ ಬಗ್ಗಿ ಸೊಂಟ ಹಿಡಿದವರಿಗೆ ಇದರ ಬೆಲೆ ಗೊತ್ತು.

ಮಕ್ಕಳಿಗೆ ಇಷ್ಟವಾಗುವುದು ಆಲ್ಫ್ರೆಡ್ ಕ್ರಾಲ್ ಅವರ ಕತೆ. ಪಿಟ್ಸ್‌ಬರ್ಗ್‌ನ ಔಷಧದ ಅಂಗಡಿಯಲ್ಲಿ, ಹೋಟೆಲಿನಲ್ಲಿ ಸಾಮಾನು ಹೊರುವ ಕೆಲಸದಲ್ಲಿದ್ದರು. ಐಸ್‌ಕ್ರೀಮ್ ಹಾಕುವವರು ಎರಡು ಚಮಚ ಹಿಡಿದು ಒದ್ದಾಡುವುದನ್ನು ನೋಡುತ್ತಿದ್ದರು, ಐಸ್‌ಕ್ರೀಮ್ ಚಮಚಕ್ಕೇ ಅಂಟಿಕೊಳ್ಳುತ್ತಿತ್ತು. ಒಂದೇ ಕೈಯಲ್ಲಿ ತೆಗೆದು, ಅದೇ ಕೈಯಲ್ಲಿ ಬಿಡಿಸಿ ಹಾಕುವ ಉಪಕರಣಕ್ಕೆ 1897ರ ಫೆಬ್ರವರಿ 2ರಂದು ಪೇಟೆಂಟ್ ಪಡೆದರು. ಒಳಗೆ ಕೆರೆಯುವ ಪಟ್ಟಿಯಿರುವ ಈಗಿನ ಸ್ಕೂಪ್ ಅದೇ ಯೋಚನೆಯ ಮೇಲೆ ನಿಂತಿದೆ.

ಇಷ್ಟು ಹೊತ್ತಿಗೆ ನಮ್ಮ ನೆಲದ ಮೇಲೆ ಬೆಲ್ಲದ ಡಬ್ಬಿ, ಸಕ್ಕರೆ ಡಬ್ಬಿ ಅಕ್ಕಪಕ್ಕ ಕೂತಿದ್ದವು. ನನ್ನ ತವರು ಮಂಡ್ಯದ ಕಡೆ. ಆಲೆಮನೆ ನೋಡಿದವರಿಗೆ ಗೊತ್ತು, ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಗಂಟೆಗಟ್ಟಲೆ ಕುದಿಯಬೇಕು, ಕೆಳಗೆ ಬೆಂಕಿ ಒಂದೇ ಸಮನೆ ಉರಿಯಬೇಕು, ಹತ್ತಿರ ನಿಂತವರಿಗೆ ಝಳ. ಇನ್ನೂರು ವರ್ಷದ ಹಿಂದೆ ಲೂಸಿಯಾನದಲ್ಲಿ ಸಕ್ಕರೆ ಮಾಡುತ್ತಿದ್ದದ್ದೂ ತೆರೆದ ಕೊಪ್ಪರಿಗೆಗಳಲ್ಲೇ. ಸಾಲಾಗಿ ಇಟ್ಟ ಕೊಪ್ಪರಿಗೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಕುದಿಯುವ ಹಾಲನ್ನು ಉದ್ದ ಸೌಟುಗಳಲ್ಲಿ ಎತ್ತಿ ಸುರಿಯುವವರು ಗುಲಾಮರು. ಮೈಮೇಲೆ ಚೆಲ್ಲಿದರೆ ಸುಟ್ಟಿತು.

ನಾರ್ಬರ್ಟ್ ರಿಲ್ಯೂ 1806ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದರು. ತಂದೆ ಬಿಳಿಯ, ತಾಯಿ ಸ್ವತಂತ್ರಳಾಗಿದ್ದ ಕಪ್ಪು ಮೂಲದ ಹೆಂಗಸು. ಪ್ಯಾರಿಸ್ಸಿನಲ್ಲಿ ಎಂಜಿನಿಯರಿಂಗ್ ಓದಿ, ಅಲ್ಲೇ ಪಾಠವನ್ನೂ ಹೇಳಿದವರು. ಅವರ ಯೋಚನೆ ಹೀಗಿತ್ತು. ಮೊದಲನೆಯ ಪಾತ್ರೆ ಕುದಿದಾಗ ಬರುವ ಆವಿಯನ್ನು ಗಾಳಿಗೆ ಬಿಡುವ ಬದಲು ಎರಡನೆಯ ಪಾತ್ರೆಯನ್ನು ಕಾಯಿಸಲು ಬಳಸಬಾರದೇಕೆ? ಆದರೆ ಆ ಆವಿಗೆ ಮೊದಲಿನಷ್ಟು ಬಿಸಿ ಇರುವುದಿಲ್ಲವಲ್ಲ, ಎರಡನೆಯದು ಕುದಿಯುವುದು ಹೇಗೆ? ಪಾತ್ರೆಯನ್ನು ಮುಚ್ಚಿ, ಒಳಗಿನ ಗಾಳಿಯನ್ನು ಎಳೆದುಬಿಟ್ಟರೆ ಒತ್ತಡ ಇಳಿಯುತ್ತದೆ, ಕಡಿಮೆ ಬಿಸಿಗೇ ಕುದಿಯುತ್ತದೆ. ಮಕ್ಕಳೇ, ನಿಮ್ಮ ಮನೆಯ ಕುಕ್ಕರ್ ಮಾಡುವುದರ ತಿರುವುಮುರುವು ಇದು. ಕುಕ್ಕರಿನಲ್ಲಿ ಒತ್ತಡ ಏರುತ್ತದೆ, ನೀರು ನೂರು ಡಿಗ್ರಿ ದಾಟಿದ ಮೇಲೆ ಕುದಿಯುತ್ತದೆ. ಹೀಗೆ ಒಂದೇ ಬಿಸಿಯನ್ನು ಎರಡು ಮೂರು ಸಲ ದುಡಿಸಿಕೊಳ್ಳುವ ಯಂತ್ರಕ್ಕೆ 1843ರಲ್ಲಿ ಮತ್ತು 1846ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಸೌದೆ ಉಳಿಯಿತು, ಸಕ್ಕರೆ ಬೆಳ್ಳಗಾಯಿತು, ಸೌಟು ಹಿಡಿಯುವ ಕೆಲಸ ಹೋಯಿತು. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲೂ, ಹಾಲಿನ ಪುಡಿ ಮಾಡುವ ಡೇರಿಗಳಲ್ಲೂ ಇವತ್ತಿಗೂ ನಡೆಯುವುದು ಇದೇ ತತ್ವ.

ಇಲ್ಲಿ ಮಗಳು ಕೇಳಿದಳು, "ಹಾಗಾದರೆ ಗುಲಾಮರಿಗೆಲ್ಲ ಒಳ್ಳೇದಾಯ್ತಾ?" ಇಲ್ಲ. ಯಂತ್ರ ಕೊಂಡವರು ತೋಟದ ಮಾಲೀಕರು. ಕಬ್ಬು ಕಡಿಯುವವರು ಗುಲಾಮರಾಗಿಯೇ ಉಳಿದರು, ಲಾಭ ಮಾಲೀಕರದು. ಸ್ವತಂತ್ರ ಕಪ್ಪು ಜನರ ಮೇಲೂ ನಿರ್ಬಂಧಗಳು ಬಿಗಿಯಾಗುತ್ತಾ ಹೋದಾಗ ರಿಲ್ಯೂ ಪ್ಯಾರಿಸ್ಸಿಗೇ ವಾಪಸಾದರು, 1894ರಲ್ಲಿ ಅಲ್ಲೇ ತೀರಿಕೊಂಡರು. ಇದನ್ನು ಪೋಸ್ಟರಿನಲ್ಲಿ ಹೇಗೆ ಬರೆಯುವುದು ಎಂದು ನಾವಿಬ್ಬರೂ ಬಹಳ ಹೊತ್ತು ಯೋಚಿಸಿದೆವು. ಕೊನೆಗೆ ಅವಳು ಎರಡನ್ನೂ ಬರೆದಳು.

ಸಕ್ಕರೆಯ ಪಕ್ಕದಲ್ಲಿ ಬ್ರೆಡ್ ಪುಡಿ. ಕಟ್ಲೆಟ್ ಮಾಡುವಾಗ ಹೊರಳಿಸುತ್ತೀರಲ್ಲ, ಅದೇ. ಬಾಸ್ಟನ್ ಹತ್ತಿರ ಹೋಟೆಲ್ ನಡೆಸುತ್ತಿದ್ದ ಜೋಸೆಫ್ ಲೀ, ಒಂದು ದಿನ ಹಳತಾದ ಬ್ರೆಡ್ಡೆಲ್ಲ ಕಸಕ್ಕೆ ಹೋಗುವುದನ್ನು ನೋಡಲಾರದೆ ಅದನ್ನು ಪುಡಿ ಮಾಡುವ ಯಂತ್ರ ಮಾಡಿ 1895ರಲ್ಲಿ ಪೇಟೆಂಟ್ ಪಡೆದರು. ಅದಕ್ಕೆ ಹಿಂದಿನ ವರ್ಷ ಹಿಟ್ಟು ನಾದುವ ಯಂತ್ರಕ್ಕೂ ಪಡೆದಿದ್ದರು. ನಮ್ಮ ಅಜ್ಜಿಯರ ಸ್ವಭಾವದವರು.

ಮೆಣಸು, ಚಕ್ಕೆ, ಲವಂಗದ ಡಬ್ಬಿಗಳ ಹಿಂದೆ ಲಾಯ್ಡ್ ಹಾಲ್ ಇದ್ದಾರೆ. ಷಿಕಾಗೋದ ರಸಾಯನ ವಿಜ್ಞಾನಿ. ಫೋನಿನಲ್ಲಿ ಕೆಲಸ ಕೊಟ್ಟಿದ್ದ ಕಂಪನಿಯೊಂದು, ಇವರು ಹೋಗಿ ಎದುರಿಗೆ ನಿಂತಾಗ ಬಣ್ಣ ನೋಡಿ ಇಲ್ಲ ಎಂದಿತು. ಸಾಂಬಾರ ಪದಾರ್ಥ ಹಾಕಿದರೆ ಮಾಂಸ ಕೆಡುವುದಿಲ್ಲ ಎಂದು ಎಲ್ಲರೂ ನಂಬಿದ್ದಾಗ, ಮೆಣಸು ಮಸಾಲೆಗಳಲ್ಲೇ ಬೂಷ್ಟು, ಬ್ಯಾಕ್ಟೀರಿಯಾ ತುಂಬಿರುತ್ತವೆ ಎಂದು ಹಾಲ್ ತೋರಿಸಿದರು. ಬಿಸಿ ಮಾಡಿದರೆ ಪರಿಮಳ ಹೋಗುತ್ತದೆ. ಆದ್ದರಿಂದ ಗಾಳಿ ಎಳೆದ ಪೆಟ್ಟಿಗೆಯಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಅನಿಲ ಬಿಟ್ಟು ಶುದ್ಧಿ ಮಾಡುವ ವಿಧಾನವನ್ನು ರೂಪಿಸಿದರು. ಆ ಅನಿಲದ ಹೆಸರು ನೀವು ಕೇಳಿರಬಹುದು. 2024ರಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಾಪುರ ಭಾರತದ ಕೆಲವು ಮಸಾಲೆ ಪುಡಿಗಳನ್ನು ತಡೆದದ್ದು ಅದೇ ಕಾರಣಕ್ಕೆ. ಅದು ಕ್ಯಾನ್ಸರ್ ತರಬಲ್ಲ ವಸ್ತು ಎಂದು ಆಮೇಲೆ ತಿಳಿಯಿತು. ಯುರೋಪಿನ ಒಕ್ಕೂಟ ಆಹಾರದಲ್ಲಿ ಅದನ್ನು ಒಪ್ಪುವುದಿಲ್ಲ, ಅಮೆರಿಕ ಮಿತಿಯೊಳಗೆ ಒಪ್ಪುತ್ತದೆ. ಈ ಮಾತನ್ನೂ ಪೋಸ್ಟರಿಗೆ ಸೇರಿಸಿದೆವು.

ಫ್ರೀಜರಿನ ವಿಷಯ ಬಂದಾಗ ಫ್ರೆಡರಿಕ್ ಜೋನ್ಸ್. ತಂದೆ ತಾಯಿಯಿಲ್ಲದೆ ಬೆಳೆದು, ಶಾಲೆ ಅರ್ಧಕ್ಕೆ ಬಿಟ್ಟು, ತಾನೇ ಓದಿ ಕಲಿತ ಮೆಕ್ಯಾನಿಕ್. 1930ರ ದಶಕದ ಕೊನೆಯಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ, ರಸ್ತೆಯ ಕುಲುಕಾಟ ತಡೆದುಕೊಳ್ಳುವ ತಂಪು ಯಂತ್ರವನ್ನು ಲಾರಿಗೆ ಕೂರಿಸಿದರು. ಅರವತ್ತಕ್ಕೂ ಹೆಚ್ಚು ಪೇಟೆಂಟ್ ಪಡೆದರು. ತೀರಿಕೊಂಡು ಮೂವತ್ತು ವರ್ಷವಾದ ಮೇಲೆ, 1991ರಲ್ಲಿ, ರಾಷ್ಟ್ರೀಯ ತಂತ್ರಜ್ಞಾನ ಪದಕ ಬಂತು. ಇಂಡಿಯನ್ ಅಂಗಡಿಯಲ್ಲಿ ನಮಗೆ ಸಿಗುವ ತೆಂಗಿನ ತುರಿ, ಅವರೆಕಾಳು, ನುಗ್ಗೆಕಾಯಿ ಕೆಡದೆ ಬರುವುದು ಅಂಥ ಲಾರಿಗಳಲ್ಲೇ.

ಕಡಲೆಕಾಯಿ ಬೆಣ್ಣೆಯ ಡಬ್ಬಿ ಮಾತ್ರ ಪೋಸ್ಟರಿನಿಂದ ಹೊರಗೆ ಹೋಯಿತು. ಜಾರ್ಜ್ ವಾಷಿಂಗ್ಟನ್ ಕಾರ್ವರ್ ದೊಡ್ಡ ಕೃಷಿ ವಿಜ್ಞಾನಿ. ಕಡಲೆಕಾಯಿಯಿಂದ ಮಾಡಬಹುದಾದ 105 ಬಗೆಯ ತಿನಿಸುಗಳ ಕಿರುಪುಸ್ತಕವನ್ನು 1916ರಲ್ಲಿ ರೈತರಿಗಾಗಿ ಹೊರತಂದವರು. ಆದರೆ ಆ ಬೆಣ್ಣೆ ಅವರು ಕಂಡುಹಿಡಿದದ್ದಲ್ಲ.

ಮಗಳ ಕೊನೆಯ ಪ್ರಶ್ನೆ ಕಷ್ಟದ್ದು. "ಈ ಹೆಸರುಗಳೆಲ್ಲ 1865ರ ಆಮೇಲೆ ಯಾಕೆ ಜಾಸ್ತಿ?" ಗುಲಾಮಗಿರಿ ಮುಗಿದದ್ದು ಆಗ. ಅದಕ್ಕೂ ಮೊದಲು, ಮಿಸಿಸಿಪ್ಪಿಯ ನೆಡ್ ಎಂಬ ಗುಲಾಮ ಹತ್ತಿ ಹೊಲಕ್ಕೆ ಒಂದು ಸಲಕರಣೆ ಮಾಡಿದ್ದ. ಅದರ ಪೇಟೆಂಟ್ ತನಗೆ ಕೊಡಿ ಎಂದು ಅವನ ಮಾಲೀಕ ಕೇಳಿದ. ಕಂಡುಹಿಡಿದವನು ಮಾಲೀಕನಲ್ಲ, ಆದ್ದರಿಂದ ಅವನಿಗಿಲ್ಲ. ಗುಲಾಮ ದೇಶದ ಪ್ರಜೆಯಲ್ಲ, ಆದ್ದರಿಂದ ಅವನಿಗೂ ಇಲ್ಲ. 1858ರಲ್ಲಿ ಅಮೆರಿಕ ಸರ್ಕಾರ ಕೊಟ್ಟ ಉತ್ತರ ಇದು. ಆಮೇಲೂ ಪೇಟೆಂಟ್ ಕಾಗದದಲ್ಲಿ ಜನಾಂಗ ಬರೆಯುತ್ತಿರಲಿಲ್ಲ. ಯಾರು ಕಪ್ಪು ಜನ ಎಂದು ನಮಗೆ ತಿಳಿದಿರುವುದು ಬಹುಪಾಲು ಹೆನ್ರಿ ಬೇಕರ್ ಎಂಬ ಒಬ್ಬರಿಂದ. ಅವರೂ ಆಫ್ರಿಕನ್ ಅಮೆರಿಕನ್, ಪೇಟೆಂಟ್ ಕಚೇರಿಯ ನೌಕರ. ದೇಶದ ಪೇಟೆಂಟ್ ವಕೀಲರಿಗೆ ಪತ್ರ ಬರೆದು, ಕೇಳಿ ಕೇಳಿ ಪಟ್ಟಿ ಮಾಡಿದರು. 1884ರಲ್ಲಿ ಹಿಟ್ಟು ನಾದುವ ಯಂತ್ರಕ್ಕೆ ಪೇಟೆಂಟ್ ಪಡೆದ ಜೂಡಿ ರೀಡ್ ಅವರ ಬದುಕಿನ ಬಗ್ಗೆ ಉಳಿದಿರುವುದು ಬಹಳ ಕಡಿಮೆ. ಅವರ ಅರ್ಜಿಯಲ್ಲಿ ಸಹಿಯ ಜಾಗದಲ್ಲಿ ಇರುವುದು ಒಂದು ಕತ್ತರಿ ಗುರುತು.

"ನಮ್ಮ ಮುತ್ತಜ್ಜಿ ಹೆಬ್ಬೆಟ್ಟು ಒತ್ತುತ್ತಿದ್ದರಂತಲ್ಲ, ಹಾಗಾ?" ಎಂದಳು. ಹಾಗೇ ಎಂದೆ. ಸಂಜೆ ಅಜ್ಜಿಗೆ ಮತ್ತೆ ಫೋನ್ ಮಾಡಿ, ಈಳಿಗೆ ಮಣೆ ಕಂಡುಹಿಡಿದದ್ದು ಯಾರು ಎಂದು ಕೇಳಿದಳು. "ಕಾಯಿ ತುರಿಯೋಕೆ ಯಾರಿಗೆ ಕಷ್ಟ ಆಗಿತ್ತೋ ಅವಳೇ ಇರಬೇಕು ಪುಟ್ಟಿ" ಎಂದರು ಅಮ್ಮ.

ಹೊಸ ಪೋಸ್ಟರ್ ಇವತ್ತು, ಬುಧವಾರ, ಶಾಲೆಗೆ ಹೋಯಿತು. "ಮೊದಲು ಮಾಡಿದವರು" ಎಂದಿದ್ದ ಕಡೆಯೆಲ್ಲ "ಸುಲಭ ಮಾಡಿದವರು" ಎಂದು ಬದಲಾಗಿತ್ತು. ಆ ಹುಡುಗ ಐಸ್‌ಕ್ರೀಮ್ ಸ್ಕೂಪಿನ ಚಿತ್ರವನ್ನು ಬಹಳ ಹೊತ್ತು ನೋಡಿದನಂತೆ, ಏನೂ ಹೇಳಲಿಲ್ಲವಂತೆ.

ನಿಮ್ಮ ಮನೆಯ ಡಬ್ಬಿಗಳ ಮೇಲೆ ಮಕ್ಕಳು ಬರೆದ ಚೀಟಿಗಳ ಫೋಟೋವನ್ನು ಮುಂದಿನ ತರಗತಿಗೆ ತನ್ನಿ. ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ. ಹೊಸ ಚಿರೋಟಿ ರವೆ ನಮ್ಮ ಫ್ರೀಜರಿನಲ್ಲಿದೆ. ಶುಕ್ರವಾರ ಹೊರಗೆ ಬರುತ್ತದೆ.