ಕಲ್ಲು ಮರುಕಳಿಸದಂತೆ ಕೊಡುವ ಔಷಧಿಗೆ ವಿಮೆಯ ಹಣ ದೊರೆಯುವುದೇ?

ಮೂತ್ರಪಿಂಡದ ಕಲ್ಲನ್ನು ತೆಗೆಸಿಕೊಂಡು ಮನೆಗೆ ಬಂದವರ ಕೈಯಲ್ಲಿ ಸಾಮಾನ್ಯವಾಗಿ ಇನ್ನೊಂದು ಚೀಟಿಯೂ ಇರುತ್ತದೆ: ನೀರಿಗೆ ಬೆರೆಸಿ ಕುಡಿಯುವ ಪೊಟ್ಯಾಸಿಯಂ ಸಿಟ್ರೇಟಿನ ದ್ರಾವಣ, ಕೆಲವೊಮ್ಮೆ ಮೆಗ್ನೀಸಿಯಂ ಅಥವಾ ಬಿ6 ಜೀವಸತ್ವದ ಮಾತ್ರೆ. ತಡೆಗಟ್ಟುವ ಕ್ರಮಗಳಿಲ್ಲದಿದ್ದರೆ ಒಮ್ಮೆ ಕಲ್ಲಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹತ್ತು ವರ್ಷಗಳೊಳಗೆ ಅದು ಮರುಕಳಿಸುತ್ತದೆ. ಆದುದರಿಂದ ಈ ಚೀಟಿ ಅಲಕ್ಷಿಸತಕ್ಕದ್ದಲ್ಲ. ಆದರೆ ತಿಂಗಳುಗಟ್ಟಲೆ ಕೊಳ್ಳಬೇಕಾದ ಈ ಔಷಧಿಯ ವೆಚ್ಚ ಯಾರದು? ಸೊಲ್ಲಾಪುರ, ಅಕ್ಕಲಕೋಟೆ, ಜತ್ತದಂತಹ ಬಿಸಿಲ ಸೀಮೆಯಲ್ಲಿ ಬೆವರು ಹೆಚ್ಚು, ನೀರು ಕಡಿಮೆ. ಕಲ್ಲು ಕಟ್ಟಲು ಅನುಕೂಲವಾದ ಹವೆ. ಅಲ್ಲಿನ ಕುಟುಂಬಗಳಿಗೆ ಇದು ಸಣ್ಣ ಪ್ರಶ್ನೆಯಲ್ಲ.

ನೇರವಾಗಿ ಹೇಳುವುದಾದರೆ, ಸಾಮಾನ್ಯ ಆರೋಗ್ಯ ವಿಮೆ ಇಂತಹ ಪೂರಕಗಳಿಗೆ ಹಣ ಕೊಡುವುದಿಲ್ಲ. ಭಾರತೀಯ ವಿಮಾ ನಿಯಂತ್ರಣ ಪ್ರಾಧಿಕಾರವು ಎಲ್ಲ ಕಂಪನಿಗಳಿಗೂ ಏಕರೂಪವಾಗಿ ರೂಪಿಸಿದ ಹೊರಗಿಡುವಿಕೆಯ ಕಲಮುಗಳಲ್ಲಿ 14ನೆಯದು ಇದನ್ನೇ ಕುರಿತದ್ದು. ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಳ್ಳಬಹುದಾದ ಪಥ್ಯಪೂರಕ, ಜೀವಸತ್ವ, ಖನಿಜಗಳಿಗೆ ವಿಮೆ ಹೊಣೆಯಲ್ಲ ಎಂದು ಅದು ಸಾರುತ್ತದೆ. ಆದರೆ ಅದೇ ಕಲಮಿನ ಬಾಲದಲ್ಲಿ ಒಂದು ವಿನಾಯಿತಿ ಇದೆ: ಆಸ್ಪತ್ರೆಯಲ್ಲಿ ದಾಖಲಾಗಿ ಪಡೆದ ಚಿಕಿತ್ಸೆಯ ಅಥವಾ ಡೇ ಕೇರ್ ಚಿಕಿತ್ಸೆಯ ಭಾಗವಾಗಿ ವೈದ್ಯರು ಬರೆದುಕೊಟ್ಟಿದ್ದರೆ ಈ ನಿರ್ಬಂಧ ಅನ್ವಯಿಸದು. ನಮಗಿರುವ ಬಾಗಿಲು ಇದೊಂದೇ. ಅನೇಕರು ಮೊದಲ ಸಾಲನ್ನು ಓದಿ ಹಿಂದಿರುಗುತ್ತಾರೆ.

ಈ ಬಾಗಿಲು ತೆರೆದಿರುವ ಕಾಲ ಸೀಮಿತ. ಎಲ್ಲ ಕಂಪನಿಗಳೂ ಒಂದೇ ನಿಯಮಗಳೊಡನೆ ಮಾರುವ 'ಆರೋಗ್ಯ ಸಂಜೀವನಿ' ಪಾಲಿಸಿಯನ್ನೇ ನೋಡಿ. ಆಸ್ಪತ್ರೆ ಸೇರುವುದಕ್ಕೆ ಮುಂಚಿನ 30 ದಿನಗಳ ಹಾಗೂ ಬಿಡುಗಡೆಯ ನಂತರದ 60 ದಿನಗಳ ವೆಚ್ಚ ಅದರಲ್ಲಿ ಸೇರಿದೆ. ಕಲ್ಲನ್ನು ಪುಡಿಮಾಡಿಸಿಕೊಂಡವರಿಗೆ ವೈದ್ಯರು ಮೂರು ತಿಂಗಳ ಸಿಟ್ರೇಟ್ ಬರೆದರೆ, ಮೊದಲ ಎರಡು ತಿಂಗಳಿನದನ್ನು ಕೇಳಬಹುದು; ಮೂರನೆಯದು ನಮ್ಮ ಜೇಬಿನದು. ತೆಗೆದ ಕಲ್ಲಿನ ವಿಶ್ಲೇಷಣೆ ಮತ್ತು 24 ಗಂಟೆಗಳ ಮೂತ್ರ ಪರೀಕ್ಷೆ ಅಗತ್ಯವೆಂದು ವೈದ್ಯರು ಹೇಳಿದರೆ ಅವನ್ನೂ ಈ 60 ದಿನಗಳೊಳಗೇ ಮಾಡಿಸಿಕೊಳ್ಳುವುದು ಜಾಣತನ. ಆ ಅವಧಿ ಮುಗಿದ ಬಳಿಕ 15 ದಿನಗಳೊಳಗೆ ರಸೀದಿಗಳನ್ನು ಸಲ್ಲಿಸಬೇಕು. ಬೇರೆ ಪಾಲಿಸಿಗಳಲ್ಲಿ ಈ ದಿನಗಳ ಲೆಕ್ಕ ಬೇರೆಯಾಗಿರಬಹುದು. ಇನ್ನೊಂದು ತೊಡಕು: ಇದೇ ಪಾಲಿಸಿಯಲ್ಲಿ ಮೂತ್ರನಾಳದ ಕಲ್ಲುಗಳಿಗೆ 24 ತಿಂಗಳ ಕಾಯುವ ಅವಧಿ ಇದೆ. ನೋವು ಬಂದ ಮೇಲೆ ಪಾಲಿಸಿ ಕೊಂಡರೆ ಪ್ರಯೋಜನವಿಲ್ಲ.

ಕಾಗದಪತ್ರದಲ್ಲಿ ಒಂದು ಪದ ಎಲ್ಲವನ್ನೂ ನಿರ್ಧರಿಸುತ್ತದೆ. ಔಷಧಿಯ ಹೆಸರು, ಪ್ರಮಾಣ, ಎಷ್ಟು ದಿನ ಎಂಬುದು ಡಿಸ್ಚಾರ್ಜ್ ಸಾರಾಂಶದಲ್ಲೇ ಇರಬೇಕು. ಯಾವ ಕಾಯಿಲೆಗಾಗಿ ಎಂಬುದೂ ಸ್ಪಷ್ಟವಾಗಿರಬೇಕು. 'ಮೂತ್ರದಲ್ಲಿ ಸಿಟ್ರೇಟ್ ಕಡಿಮೆಯಿರುವುದರಿಂದ' ಎಂಬ ಕಾರಣ ಬರೆದಿದ್ದರೆ ಅದು ಚಿಕಿತ್ಸೆ. ಅಂಗಡಿಯ ಬಿಲ್ಲಿನಲ್ಲಿ ಬರಿಯ 'ಸಪ್ಲಿಮೆಂಟ್' ಎಂದಿದ್ದರೆ ಅದು ತಿರಸ್ಕಾರಕ್ಕೆ ಸಿದ್ಧವಾದ ನೆಪ. ಬಿಡುಗಡೆಯ ದಿನವೇ ವೈದ್ಯರಲ್ಲಿ ವಿನಯದಿಂದ ಕೇಳಿ ಬರೆಸಿಕೊಳ್ಳಿ, ಆಮೇಲೆ ಅಲೆದಾಡಬೇಕಾಗಿಲ್ಲ.

ಭಾಷೆಯ ತೊಂದರೆ ನಮ್ಮವರಿಗೆ ಹೊಸತಲ್ಲ. ಪಾಲಿಸಿಯ ಕಡತ ಇಂಗ್ಲಿಷಿನಲ್ಲಿ, ಆಸ್ಪತ್ರೆಯ ಮಾತು ಮರಾಠಿಯಲ್ಲೋ ಮಲಯಾಳದಲ್ಲೋ ತಮಿಳಿನಲ್ಲೋ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳೇ ಓದಿ ಹೇಳಬೇಕಾದ ಸ್ಥಿತಿ. ಪ್ರತಿ ಪಾಲಿಸಿಯೊಡನೆ ಕೊಡಬೇಕಾದ ಗ್ರಾಹಕ ಮಾಹಿತಿ ಪತ್ರವನ್ನು ಪಾಲಿಸಿದಾರರು ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕೆಂಬುದು ಪ್ರಾಧಿಕಾರದ ಸೂಚನೆ. ಅದನ್ನು ಕನ್ನಡದಲ್ಲಿ ಲಿಖಿತವಾಗಿ ಕೇಳುವುದರಲ್ಲಿ ಸಂಕೋಚ ಬೇಡ. ಯಾವುದಕ್ಕೆ ಹಣವಿಲ್ಲ, ಎಷ್ಟು ಕಾಯಬೇಕು ಎಂಬುದು ಆ ಪತ್ರದಲ್ಲಿ ಸಂಕ್ಷೇಪವಾಗಿ ಇರುತ್ತದೆ.

ಹೊಸೂರಿನ ಕಾರ್ಖಾನೆಗಳಲ್ಲಿಯೋ ಸೊಲ್ಲಾಪುರದ ಗಿರಣಿಗಳಲ್ಲಿಯೋ ದುಡಿಯುವವರಿಗೆ ಇದಕ್ಕಿಂತ ಸುಲಭದ ಹಾದಿ ಇರಬಹುದು. ಮಾಸಿಕ ವೇತನ ₹21,000 ಮೀರದ, ಇಎಸ್‌ಐಗೆ ಒಳಪಟ್ಟ ನೌಕರರು ಆಸ್ಪತ್ರೆಗೆ ದಾಖಲಾಗದೆಯೂ ಇಎಸ್‌ಐ ಚಿಕಿತ್ಸಾಲಯದಲ್ಲಿ ತಪಾಸಣೆ ಮಾಡಿಸಿಕೊಂಡು, ವೈದ್ಯರು ಬರೆದ ಔಷಧಿಯನ್ನು ಹಣವಿಲ್ಲದೆ ಪಡೆಯಬಹುದು. ಅವಲಂಬಿತ ಕುಟುಂಬಕ್ಕೂ ಈ ಹಕ್ಕು ಉಂಟು. ಸಂಬಳದಿಂದ ತಿಂಗಳು ತಿಂಗಳು ಕಡಿತವಾಗುತ್ತಿದ್ದರೂ ಖಾಸಗಿ ಅಂಗಡಿಯಲ್ಲಿ ದುಡ್ಡು ಸುರಿಯುವವರೇ ಹೆಚ್ಚು ಎಂಬುದು ಸೋಜಿಗ. ಆಯುಷ್ಮಾನ್ ಭಾರತ ಯೋಜನೆಯು ಬಿಡುಗಡೆಯ ನಂತರದ 15 ದಿನಗಳ ಔಷಧಿಯನ್ನು ಮಾತ್ರ ಒಳಗೊಳ್ಳುತ್ತದೆ. ಉಳಿದವರು ಜನೌಷಧಿ ಕೇಂದ್ರಗಳಲ್ಲಿ ವಿಚಾರಿಸಿ ನೋಡಬಹುದು.

ನ್ಯಾಯವಾದ ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ, ಒಂದು ವರ್ಷದೊಳಗೆ ಒಂಬುಡ್ಸ್‌ಮನ್ ಎಂಬ ವಿಮಾ ಲೋಕಪಾಲರಲ್ಲಿ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಕಾಸರಗೋಡು, ವಯನಾಡಿನವರಿಗೆ ಕೊಚ್ಚಿ, ತಾಳವಾಡಿ, ಹೊಸೂರಿನವರಿಗೆ ಚೆನ್ನೈ, ಅದವಾನಿ, ಮಡಕಶಿರದವರಿಗೆ ಹೈದರಾಬಾದ್, ಸೊಲ್ಲಾಪುರ ಸೀಮೆಯವರಿಗೆ ಪುಣೆಯ ಕಚೇರಿ.

ಒಂದು ಎಚ್ಚರಿಕೆ ಹೇಳದಿರಲಾಗದು. ವಿಮೆ ಹಣ ಕೊಡುತ್ತದೆಯೆಂದು ಯಾವ ಪೂರಕವನ್ನೂ ತಾವಾಗಿ ಸೇವಿಸಬಾರದು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಪೊಟ್ಯಾಸಿಯಂ ಅಪಾಯಕಾರಿ. ಹೆಚ್ಚಿನ ಪ್ರಮಾಣದ ಸಿ ಜೀವಸತ್ವ ಕಲ್ಲನ್ನು ಹೆಚ್ಚಿಸಬಲ್ಲದು. ದಿನಕ್ಕೆ ಎರಡೂವರೆ ಲೀಟರು ಮೂತ್ರ ಹೋಗುವಷ್ಟು ನೀರು ಕುಡಿಯಬೇಕೆಂದು ಮೂತ್ರರೋಗ ತಜ್ಞರು ಹೇಳುತ್ತಾರೆ. ಅದಕ್ಕೆ ಚೀಟಿಯೂ ಬೇಡ, ರಸೀದಿಯೂ ಬೇಡ. ಬೇಸಗೆಯಲ್ಲಿ ಶಾಲೆಗೆ ಹೋಗುವ ಮಕ್ಕಳ ಚೀಲದಲ್ಲಿ ಒಂದು ದೊಡ್ಡ ನೀರಿನ ಬಾಟಲಿ ಇರಲಿ.