ಮೆಚ್ಚದವನಿಗೂ ನ್ಯಾಯ

ಚಲಚ್ಚಿತ್ರ ನೋಡಹೋದವರು ತಮ್ಮ ಒಲವಿಗೆ ತಕ್ಕ ನಾಯಕನೊಬ್ಬನನ್ನು ಬಯಸುವುದು ಸಹಜ. ನಮ್ಮ ಆಲಂಕಾರಿಕರು ಹೇಳಿದ ಧೀರೋದಾತ್ತನೇ ಮೊದಲಾದ ನಾಲ್ವರಲ್ಲಿ ಒಬ್ಬನು ದೊರೆತರೂ ಸಾಕು, ಮನಸ್ಸು ಅವನ ಪಕ್ಷ ಸೇರುತ್ತದೆ. ಅಂಥವನಿಲ್ಲದ ಚಿತ್ರವನ್ನು ಏಕೆ ನೋಡಬೇಕು? 1959ರಲ್ಲಿ ಆಟೊ ಪ್ರೆಮಿಂಜರ್ ಅವರು ಅಮೆರಿಕದಲ್ಲಿ ತೆಗೆದ 'ಅನಾಟಮಿ ಆಫ್ ಎ ಮರ್ಡರ್' ಚಿತ್ರದಲ್ಲಿ ಇದಕ್ಕೆ ಉತ್ತರವುಂಟು.

ಮ್ಯಾನಿಯನ್ ಎಂಬ ಸೈನ್ಯಾಧಿಕಾರಿ ಒಬ್ಬ ಹೆಂಡದಂಗಡಿಯ ಒಡೆಯನನ್ನು ಗುಂಡಿಕ್ಕಿ ಕೊಂದಿದ್ದಾನೆ. ಸತ್ತವನು ತನ್ನ ಪತ್ನಿಯ ಮೇಲೆ ಅತ್ಯಾಚಾರವೆಸಗಿದನೆಂದು ಅವನ ಹೇಳಿಕೆ. ಬೆನ್ ಗಜಾರಾ ಅವರ ಅಭಿನಯದಲ್ಲಿ ಈತ ಗರ್ವಿಷ್ಠ, ಮುಂಗೋಪಿ, ಹೊಟ್ಟೆಕಿಚ್ಚಿನವ. ಲೀ ರೆಮಿಕ್ ಅವರ ಪತ್ನಿಯ ಪಾತ್ರಕ್ಕೆ ಸಂದರ್ಭದ ಗಾಂಭೀರ್ಯವೇ ತಿಳಿಯದಂತಿದೆ. ಜೇಮ್ಸ್ ಸ್ಟುವರ್ಟ್ ಅವರ ವಕೀಲನೂ ನಿಷ್ಕಪಟಿಯಲ್ಲ. ಸೆರೆಮನೆಯಲ್ಲಿ ಕಕ್ಷಿಗಾರನಿಗೆ ಕಾನೂನಿನ ದಾರಿಗಳನ್ನು ಒಂದೊಂದಾಗಿ ವಿವರಿಸುತ್ತಾನೆ. ಆಗ ಇವನಿಗೆ, ತನಗೆ ಆ ಹೊತ್ತು ಬುದ್ಧಿ ಕೆಟ್ಟಿರಬೇಕೆಂದು ಹೊಳೆಯುತ್ತದೆ! ಹೇಳಿಕೊಟ್ಟದ್ದೋ, ತಾನೇ ಕಂಡುಕೊಂಡದ್ದೋ, ನೀವೇ ನಿರ್ಣಯಿಸಬೇಕು.

ಕೊಲೆಯನ್ನಾಗಲಿ ಅತ್ಯಾಚಾರವನ್ನಾಗಲಿ ಚಿತ್ರದಲ್ಲಿ ಎಲ್ಲಿಯೂ ತೋರಿಸಿಲ್ಲ. ಹನ್ನೆರಡು ಮಂದಿ ಜ್ಯೂರಿಗಳಂತೆ ನೀವೂ ಸಾಕ್ಷ್ಯವನ್ನು ಕೇಳಿಯೇ ತೂಗಬೇಕು. ಸರ್ಕಾರದ ಪರವಾಗಿ ಜಾರ್ಜ್ ಸಿ. ಸ್ಕಾಟ್ ಅವರ ವಕೀಲನು ಆಕೆಯ ಉಡುಪು, ನಡವಳಿಕೆಗಳನ್ನೇ ಕೆದಕುತ್ತಾನೆ. ಆಕೆಯ ರೀತಿ ನಮಗೆ ಹಿಡಿಸದಿರಬಹುದು. ಅಷ್ಟರಿಂದ ಆಕೆಗೆ ಅನ್ಯಾಯವಾಗಲಿಲ್ಲವೆಂದು ಸಿದ್ಧವಾಗುವುದೆ? ಇಲ್ಲಿ ಪರೀಕ್ಷೆಗೆ ನಿಂತಿರುವುದು ನಮ್ಮ ವಿವೇಕ.

ಈ ಕಥೆ ಬರಿಯ ಕಲ್ಪನೆಯಲ್ಲ. ಮಿಶಿಗನ್ ರಾಜ್ಯದಲ್ಲಿ 1952ರಲ್ಲಿ ನಡೆದ ಮೊಕದ್ದಮೆಯೊಂದರಲ್ಲಿ ಆಪಾದಿತನ ಪರ ವಾದಿಸಿದ ಜಾನ್ ವೋಲ್ಕರ್ ಅವರು ರಾಬರ್ಟ್ ಟ್ರೇವರ್ ಎಂಬ ಕಾವ್ಯನಾಮದಿಂದ 1958ರಲ್ಲಿ ಪ್ರಕಟಿಸಿದ ಕಾದಂಬರಿಯೇ ಇದರ ಮೂಲ. ನ್ಯಾಯಸ್ಥಾನದ ದೃಶ್ಯಗಳನ್ನು ಮಾರ್ಕೆಟ್ ಪಟ್ಟಣದ ನಿಜವಾದ ಕಚೇರಿಯಲ್ಲೇ ತೆಗೆದರು. ನ್ಯಾಯಾಧೀಶರಾದ ಜೋಸೆಫ್ ವೆಲ್ಚ್ ಅವರೂ ವೃತ್ತಿಯಿಂದ ವಕೀಲರು. 1954ರ ಸೆನೆಟ್ ವಿಚಾರಣೆಯಲ್ಲಿ ಮೆಕಾರ್ಥಿಯವರನ್ನು ಎದುರಿಸಿ ಮಾತನಾಡಿದವರು. ಅವರ ಪಾತ್ರದಲ್ಲಿ ಮಾತ್ರ ಕಣ್ಣಿಗೆ ಸ್ವಲ್ಪ ತಂಪು ದೊರೆಯುತ್ತದೆ.

ಕೊನೆಗೆ ಮ್ಯಾನಿಯನ್ ಬಿಡುಗಡೆ ಹೊಂದುತ್ತಾನೆ. ಮರುದಿನ ವಕೀಲನು ಹೋಗಿ ನೋಡಿದರೆ, ಫೀಜು ಕೊಡದೆ ದಂಪತಿಗಳು ಊರು ಬಿಟ್ಟಿದ್ದಾರೆ. ತಡೆಯಲಾಗದ ಆವೇಗದಿಂದ ಹೊರಟೆನೆಂದು ಚೀಟಿ ಬೇರೆ. ನ್ಯಾಯಸ್ಥಾನದಲ್ಲಿ ಅವನನ್ನು ಉಳಿಸಿದ್ದೂ ಅದೇ ವಾದ!

ಹಾಗಾದರೆ ತೀರ್ಪು ತಪ್ಪಾಯಿತೆ? ವಾಚಕರು ಯೋಚಿಸಲಿ. ನ್ಯಾಯಸ್ಥಾನವು ಅವನಿಗೆ ಸಜ್ಜನನೆಂಬ ಬಿರುದನ್ನು ಕೊಡಲಿಲ್ಲ. ಬುದ್ಧಿ ಕೆಟ್ಟಿದ್ದ ಕಾರಣ ಅಪರಾಧಿಯಲ್ಲವೆಂದಿತು, ಅಷ್ಟೆ. ಒಳ್ಳೆಯವನಿಗೆ ನ್ಯಾಯ ದೊರಕಲೆಂದು ಎಲ್ಲರೂ ಹಾರೈಸುತ್ತಾರೆ. ನಮಗೆ ಒಗ್ಗದವನಿಗೂ ಅದೇ ತಕ್ಕಡಿಯಲ್ಲಿ ತೂಗಿದಾಗಲೇ ಅದು ನ್ಯಾಯ.